ಹಳೇ ಫ್ಲ್ಯಾಟಿನ ಅಲ್ಯೂಮಿನಿಯಂ ವೈರಿಗೆ ಕನೆಕ್ಟರ್ ಹಾಕಿಸಬಹುದಾ?

ಡೊಂಬಿವಲಿಯಿಂದ ಪ್ರಶ್ನೆ:

ನಮ್ಮದು ಡೊಂಬಿವಲಿ ಈಸ್ಟ್‌ನಲ್ಲಿ ಹಳೇ ಬಿಲ್ಡಿಂಗ್. ಎಪ್ಪತ್ತರ ದಶಕದಲ್ಲಿ ಮಾವನವರು ತೆಗೆದುಕೊಂಡ ಫ್ಲ್ಯಾಟ್. ಗೀಸರಿನ ಬೋರ್ಡ್ ಬಿಸಿಯಾಗುತ್ತಿತ್ತು. ಬಿಚ್ಚಿಸಿ ನೋಡಿದರೆ ಒಳಗೆಲ್ಲ ಅಲ್ಯೂಮಿನಿಯಂ ವೈರ್. ಎಲೆಕ್ಟ್ರಿಷಿಯನ್ ಹೇಳುತ್ತಾರೆ, ಗೋಡೆ ಒಡೆಯೋದು ಬೇಡ, ಪ್ರತಿ ಬೋರ್ಡಿನಲ್ಲೂ ಗೇಣುದ್ದ ತಾಮ್ರದ ವೈರನ್ನು ಕನೆಕ್ಟರ್ ಹಾಕಿ ಸೇರಿಸಿಬಿಡೋಣ ಅಂತ. ಅಮೆರಿಕದಲ್ಲಿರುವ ನಾದಿನಿ ಅಲ್ಲಿ ಸಿಗುವ ನೇರಳೆ ಬಣ್ಣದ ಟೋಪಿ ಕನೆಕ್ಟರ್ ಕಳಿಸುತ್ತೇನೆ ಅನ್ನುತ್ತಾಳೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಚಿಕ್ಕ ಮಗು ಇದೆ. ಇದು ಸರಿಯಾ? ಮಾಡಿಸಿದವರು ದಯವಿಟ್ಟು ಹೇಳಿ.

ಪುಣೆ, ನಿಗಡಿಯಿಂದ:

ಅಕ್ಕ, ಮೊದಲು ಆ ಗೀಸರ್ ಪಾಯಿಂಟ್ ಬಳಸೋದು ಇವತ್ತೇ ನಿಲ್ಲಿಸಿ. ಅದರ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಆಫ್ ಮಾಡಿ, ನೀರು ಗ್ಯಾಸಿನ ಮೇಲೆ ಕಾಯಿಸಿಕೊಳ್ಳಿ. ಮಿಕ್ಕಿದ್ದನ್ನು ಆಮೇಲೆ ಯೋಚಿಸಬಹುದು.

ನಾನು ಇಲ್ಲಿ ವೈರಿಂಗ್ ಕಾಂಟ್ರಾಕ್ಟ್ ಮಾಡುತ್ತೇನೆ, ಇಂಥ ಹಳೇ ಮನೆಗಳ ಬೋರ್ಡ್ ಬಿಚ್ಚಿ ನೋಡೋದು ನನ್ನ ಕೆಲಸವೇ. ಗೋಡೆಯೊಳಗಿನ ಅಲ್ಯೂಮಿನಿಯಂ ವೈರ್ ಸಾಮಾನ್ಯವಾಗಿ ತಾನಾಗಿ ಸುಡುವುದಿಲ್ಲ, ಸುಡುವುದು ಜಾಯಿಂಟ್. ಅಲ್ಯೂಮಿನಿಯಂ ಗಾಳಿಗೆ ಬಿದ್ದ ತಕ್ಷಣ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆ ಕರೆಂಟನ್ನು ತಡೆಯುತ್ತದೆ. ಲೋಹವೂ ಮೆತ್ತಗೆ, ಸ್ಕ್ರೂ ಒತ್ತಿದ ಕಡೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಜರುಗುತ್ತಾ ಹೋಗುತ್ತದೆ. ಅದರ ಮೇಲೆ, ಬಿಸಿಯಾದಾಗ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಗೀಸರ್ ದಿನಾ ಆನ್ ಆಗುತ್ತೆ, ಆಫ್ ಆಗುತ್ತೆ, ಜಾಯಿಂಟ್ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಗುತ್ತೆ, ಸಡಿಲವಾದಲ್ಲಿ ಇನ್ನೂ ಬಿಸಿ, ಬಿಸಿಗೆ ಇನ್ನಷ್ಟು ಆಕ್ಸೈಡ್.

ಲೆಕ್ಕ ಹಾಕಿ ನೋಡಿ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪ್ಸ್ ಎಳೆಯುತ್ತದೆ. ಸಡಿಲ ಜಾಯಿಂಟಿನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದ್ದರೂ ಸಾಕು, ಕಾಳಿನಷ್ಟು ಜಾಗದಲ್ಲಿ 40 ವಾಟ್ ಶಾಖ. ರೇಡಿಯೊ ರಿಪೇರಿಯ ಸೋಲ್ಡರಿಂಗ್ ಐರನ್ 25 ವಾಟಿನದು, ಅದಕ್ಕಿಂತ ಜಾಸ್ತಿ. ಆದರೆ ನಿಮ್ಮ 16 ಆಂಪ್ಸ್ ಎಂಸಿಬಿಗೆ ಕಾಣೋದು 9 ಆಂಪ್ಸ್ ಮಾತ್ರ, ಅದು ಟ್ರಿಪ್ ಆಗುವುದಿಲ್ಲ. ಕರೆಂಟ್ ಎಲ್ಲೂ ಲೀಕ್ ಆಗುತ್ತಿಲ್ಲ, ಹಾಗಾಗಿ ಲೀಕ್ ಆದಾಗ ಲೈನ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿಯೂ ಸುಮ್ನೆ ಇರುತ್ತದೆ. "ಎಂಸಿಬಿ ಇದೆಯಲ್ಲ, ಭಯ ಯಾಕೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ಕನೆಕ್ಟರ್ ವಿಷಯ. ನಿಮ್ಮ ಎಲೆಕ್ಟ್ರಿಷಿಯನ್ ಹಾಕುವುದು ಬಹುಶಃ ಪೋರ್ಸಲೀನ್ ಕನೆಕ್ಟರ್, ಇಲ್ಲವೇ ಕತ್ತರಿಸಿ ಕೊಡುವ ಪ್ಲಾಸ್ಟಿಕ್ ಸ್ಟ್ರಿಪ್. ಒಳಗೆ ಹಿತ್ತಾಳೆ, ಮೇಲೆ ಸ್ಕ್ರೂ. ಇವುಗಳಲ್ಲಿ ಅಲ್ಯೂಮಿನಿಯಂ ಹಾಕಿದರೆ ನಿಮ್ಮ ಬೋರ್ಡಿನಲ್ಲಿ ಆದದ್ದೇ ಮತ್ತೆ ಆಗುತ್ತದೆ, ಅದೂ ಮನೆಯಲ್ಲಿ ಜಾಯಿಂಟುಗಳು ಇನ್ನೂ ಜಾಸ್ತಿಯಾದ ಮೇಲೆ.

ನೇರಳೆ ಟೋಪಿಯದ್ದು ಬೇರೆ ಕಥೆ. ಅಮೆರಿಕದಲ್ಲಿ ತಾಮ್ರ ದುಬಾರಿಯಾದಾಗ, ಹೆಚ್ಚುಕಮ್ಮಿ 1965ರಿಂದ 1973ರವರೆಗೆ, ತುಂಬಾ ಮನೆಗಳಿಗೆ ಅಲ್ಯೂಮಿನಿಯಂ ಎಳೆದರು. ಅಲ್ಲಿನ ಸರ್ಕಾರದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುವ ಪ್ರಕಾರ, 1972ಕ್ಕಿಂತ ಮೊದಲು ಅಲ್ಯೂಮಿನಿಯಂ ಹಾಕಿದ ಮನೆಗಳಲ್ಲಿ ಜಾಯಿಂಟ್ ಬೆಂಕಿ ಅಪಾಯದ ಮಟ್ಟ ಮುಟ್ಟುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಜಾಸ್ತಿ. ಆಯೋಗ ಶಾಶ್ವತ ರಿಪೇರಿ ಅಂತ ಒಪ್ಪುವುದು ಮೂರನ್ನೇ. ಇಡೀ ಮನೆಗೆ ತಾಮ್ರ ಎಳೆಯುವುದು, ವಿಶೇಷ ಯಂತ್ರದಿಂದ ಒತ್ತಿ ಬೆಸೆಯುವ ಕೋಪಾಲಮ್ ಕ್ರಿಂಪ್, ಅದು ಸಿಗದಿದ್ದರೆ ಅಲ್ಯೂಮಿಕಾನ್ ಅನ್ನುವ ಸ್ಕ್ರೂ ಕನೆಕ್ಟರ್. ಕೋಪಾಲಮ್ ಯಂತ್ರ ಕಂಪನಿಯಲ್ಲಿ ತರಬೇತಿ ಪಡೆದವರ ಕೈಗೆ ಮಾತ್ರ ಸಿಗುತ್ತದೆ. ಅಲ್ಯೂಮಿಕಾನಿನಲ್ಲಿ ಪ್ರತಿ ವೈರಿಗೂ ಬೇರೆ ತೂತು, ಬೇರೆ ಸ್ಕ್ರೂ. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಆದರೆ ಕಂಪನಿ ಹೇಳಿದಷ್ಟೇ ಬಿಗಿ ಮಾಡಲು ಟಾರ್ಕ್ ಸ್ಕ್ರೂಡ್ರೈವರ್ ಬೇಕು, ಕೈಯಂದಾಜು ನಡೆಯುವುದಿಲ್ಲ. ನೇರಳೆ ಟೋಪಿಗೆ ಅಲ್ಲಿ ಸರ್ಟಿಫಿಕೇಟ್ ಇದೆ, ನಿಜ. ಆದರೂ ಎರಡು ಲೋಹಗಳನ್ನು ಒಟ್ಟಿಗೆ ತಿರುಚುವ ಟೋಪಿ ಕನೆಕ್ಟರುಗಳು ವಿಪರೀತ ಬಿಸಿಯಾದದ್ದನ್ನು ನೋಡಿ ಆಯೋಗ ಅದನ್ನು ಶಾಶ್ವತ ರಿಪೇರಿ ಅಂತ ಒಪ್ಪಿಲ್ಲ. ಮೇಲಾಗಿ ಅದು ಅವರ ವೈರ್ ಅಳತೆಗೆ ಮಾಡಿದ್ದು, ನಮ್ಮ 1.5 ಅಥವಾ 2.5 ಚದರ ಮಿಲಿಮೀಟರ್ ವೈರಿಗಲ್ಲ. ನಾದಿನಿಗೆ ಬೇಡ ಅಂತಲೇ ಹೇಳಿ.

ನನ್ನ ಮಾತು ಇಷ್ಟೇ: ವೈರೇ ಬದಲಾಯಿಸಿ.

ಗೋವಾ, ವಾಸ್ಕೋದಿಂದ:

ಮೇಲೆ ಅಣ್ಣ ಹೇಳಿದ್ದು ಪೂರ್ತಿ ನಿಜ, ಅದರಲ್ಲೂ ಸಮುದ್ರದ ಹತ್ತಿರ ಇರುವವರಿಗೆ. ನಮ್ಮ ಬಾಡಿಗೆ ಮನೆಯಲ್ಲಿ ಹಿಂದೆ ಯಾರೋ ತಾಮ್ರ, ಅಲ್ಯೂಮಿನಿಯಂ ಎರಡನ್ನೂ ತಿರುಚಿ ಟೇಪ್ ಸುತ್ತಿದ್ದರು. ಮಳೆಗಾಲ ಬಂತೆಂದರೆ ಹಾಲ್‌ನ ಲೈಟ್ ಮಿಣುಕುತ್ತಿತ್ತು, ಬೇಸಿಗೆಯಲ್ಲಿ ಸರಿ. ಟೇಪ್ ಬಿಚ್ಚಿದಾಗ ಒಳಗೆ ಬಿಳಿ ಪುಡಿ, ಅಲ್ಯೂಮಿನಿಯಂ ತಿಂದುಹೋಗಿತ್ತು. ಉಪ್ಪುಗಾಳಿ, ತೇವ ಸೇರಿದರೆ ಈ ಎರಡು ಲೋಹಗಳ ಜೋಡಿಯಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಲೈಟ್ ಮಿಣುಕೋದು, ಬೋರ್ಡಿನಿಂದ ಸುಟ್ಟ ವಾಸನೆ, ಸ್ವಿಚ್ಚಿನ ಸುತ್ತ ಕಂದು ಕಲೆ, ಇವು ಕಂಡರೆ ತಡ ಮಾಡಬೇಡಿ.

ಮುಂಬೈ, ಮಾಟುಂಗಾದಿಂದ:

ಗೋಡೆ ಒಡೆಯುವ ಭಯ ಬೇಡ ಮೇಡಂ. ನಮ್ಮಲ್ಲೂ ಅತ್ತೆಗೆ ಧೂಳು ಆಗುವುದಿಲ್ಲ, ಅದಕ್ಕೆ ಕೇಸಿಂಗ್ ಪಟ್ಟಿಯಲ್ಲಿ ಗೋಡೆ ಮೇಲೆಯೇ ಹೊಸ ವೈರ್ ಎಳೆಸಿದೆವು. ನೋಡಲು ಅಷ್ಟು ಚೆನ್ನಾಗಿಲ್ಲ, ಆದರೆ ಮನೆ ಖಾಲಿ ಮಾಡಬೇಕಾಗಲಿಲ್ಲ. ಮೊದಲು ಗೀಸರ್, ಎಸಿ, ಅಡುಗೆಮನೆ, ಫ್ರಿಜ್, ಅಂದರೆ ಜಾಸ್ತಿ ಕರೆಂಟ್ ಎಳೆಯುವವು. ಲೈಟು ಫ್ಯಾನು ದೀಪಾವಳಿ ಬೋನಸ್ ಬಂದ ಮೇಲೆ. ಗೀಸರ್, ಎಸಿಗೆ 4, ಪವರ್ ಸಾಕೆಟ್ಟಿಗೆ 2.5, ಲೈಟಿಗೆ 1.5 ಚದರ ಮಿಲಿಮೀಟರ್ ತಾಮ್ರ ಹಾಕಿದರು. ಹಳೇ ವೈರಿಂಗಿನಲ್ಲಿ ಅರ್ತಿಂಗೇ ಇರಲಿಲ್ಲ, ಈಗ ಎಲ್ಲ ಪಾಯಿಂಟಿಗೂ ಬಂತು, 30 ಮಿಲಿಆಂಪ್ಸ್ ಆರ್‌ಸಿಸಿಬಿಯೂ ಹಾಕಿಸಿದೆವು. ಮಗು ಇರುವ ಮನೆಗೆ ಇದೊಂದಕ್ಕಾದರೂ ಖರ್ಚು ಮಾಡಿ.

ಇನ್ನೊಂದು ವಿಷಯ. ಬೆಳ್ಳಗೆ ಕಾಣುವ ವೈರೆಲ್ಲ ಅಲ್ಯೂಮಿನಿಯಂ ಅಲ್ಲ. ತುಂಬಾ ಹಳೇ ರಬ್ಬರ್ ವೈರಿನಲ್ಲಿ ತಾಮ್ರಕ್ಕೆ ತವರ ಲೇಪ ಇರುತ್ತದೆ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ತುದಿ ಕತ್ತರಿಸಿ ನೋಡಿ, ಒಳಗೆ ಕೆಂಪು ಕಂಡರೆ ತಾಮ್ರ. ಆದರೆ ಆ ರಬ್ಬರ್ ಅಷ್ಟರಲ್ಲಿ ಪುಡಿಪುಡಿಯಾಗಿರುತ್ತದೆ, ಅದನ್ನೂ ಬದಲಾಯಿಸಲೇಬೇಕು.

ಡೊಂಬಿವಲಿಯಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೀಸರ್ ಬಂದ್ ಮಾಡಿದ್ದೇವೆ. ತುದಿ ಕತ್ತರಿಸಿ ನೋಡಿದೆವು, ಅಲ್ಯೂಮಿನಿಯಮ್ಮೇ. ಯಜಮಾನರು ಪಟ್ಟಿ ವೈರಿಂಗಿಗೆ ಒಪ್ಪಿದರು. ಕೆಳಗೆ ಮೀಟರಿನಿಂದ ನಮ್ಮ ಮನೆಗೆ ಬರುವ ದಪ್ಪ ಕೇಬಲ್ಲೂ ಅಲ್ಯೂಮಿನಿಯಂ ಅಂತೆ. ಅದನ್ನೂ ತೆಗೆಸಬೇಕಾ?

ಪುಣೆ, ನಿಗಡಿಯಿಂದ:

ಬೇಕಾಗಿಲ್ಲ ಅಕ್ಕ. ದಪ್ಪ ಕೇಬಲ್ ಅಲ್ಯೂಮಿನಿಯಮ್ಮಿನದೇ ಇರುವುದು ಮಾಮೂಲು, ನೋಡಬೇಕಾದ್ದು ತುದಿಗಳನ್ನು. ಅಲ್ಯೂಮಿನಿಯಂ ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ತೊಡಿಕೆ) ಹಾಕಿ ಸರಿಯಾದ ಅಚ್ಚಿನಿಂದ ಒತ್ತಿ ಕ್ರಿಂಪ್ ಮಾಡಿರಬೇಕು, ತಾಮ್ರ ಅಥವಾ ಹಿತ್ತಾಳೆಗೆ ಸೇರುವ ಕಡೆ ಎರಡೂ ಲೋಹ ಸೇರಿಸಿ ಮಾಡಿದ ಬೈಮೆಟಲ್ ಲಗ್ ಇರಬೇಕು. ಸೊಸೈಟಿಗೆ ಹೇಳಿ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಯಲ್ಲಿ ಇಡೀ ಮೀಟರ್ ರೂಮ್ ತೋರಿಸಿ, ನಿಮ್ಮದೊಂದೇ ಅಲ್ಲ, ಪಕ್ಕದವರ ಕೇಬಲ್ಲೂ ಅದೇ ವಯಸ್ಸಿನದು. ಮೀಟರಿನ ಸೀಲ್ ಮಾತ್ರ ಯಾರೂ ಮುಟ್ಟಬಾರದು, ಅದು ವಿದ್ಯುತ್ ಕಂಪನಿ ಮಹಾವಿತರಣದ ಕೆಲಸ. ಮನೆಯೊಳಗೆ ಹೊಸ ವೈರ್ ಎಳೆದಾದ ಮೇಲೆ ಹಳೇ ಅಲ್ಯೂಮಿನಿಯಂ ತುದಿಗಳನ್ನು ಡಿಬಿಯಿಂದಲೇ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಿಂದಲೇ, ಕಳಚಿಸಿ. ಎಲ್ಲೋ ಒಂದು ಲೈಟು ಹಳೇ ಲೈನಿನಲ್ಲೇ ಉಳಿದುಬಿಡುತ್ತದೆ, ಹಣ ಕೊಡುವ ಮೊದಲು ಒಂದೊಂದೇ ಬೋರ್ಡ್ ತೆಗೆಸಿ ನೋಡಿ.