ಸಹಾಯ ಬೇಕು: ಕ್ಲಬ್‌ನ ಕ್ರೋಕೆಟ್ ಲಾನ್‌ನಲ್ಲಿ ಹೂಪ್‌ಗಳು ಸಡಿಲವಾಗ್ತಿವೆ

ಎಲ್ಲರಿಗೂ ನಮಸ್ಕಾರ. ಕ್ರೋಕೆಟ್ (ಮರದ ಸುತ್ತಿಗೆಯಿಂದ ಚೆಂಡು ಹೊಡೆದು, ಹುಲ್ಲಿನಲ್ಲಿ ನೆಟ್ಟ ಹೂಪ್ ಅಂದರೆ ಕಮಾನುಗಳೊಳಗೆ ದಾಟಿಸುವ ಆಟ) ಆಡುವವರು ಇಲ್ಲಿ ಯಾರಾದರೂ ಇದ್ದೀರಾ?

ನಮ್ಮ ಸಮುದಾಯ ಕ್ಲಬ್‌ನಲ್ಲಿ ಗಾಲ್ಫ್ ಕ್ರೋಕೆಟ್ ಆಡುತ್ತೇವೆ. ಒಂದು ಸರದಿಗೆ ಒಂದೇ ಹೊಡೆತ, ಎಲ್ಲರೂ ಒಂದೇ ಹೂಪ್‌ಗೆ ಪೈಪೋಟಿ, ಮೊದಲು 7 ಪಾಯಿಂಟ್ ಮಾಡಿದವರು ಗೆದ್ದಂತೆ. ಹೊಸಬರಿಗೂ ಬೇಗ ಅರ್ಥವಾಗುತ್ತೆ. ತೊಂದರೆ ಇರೋದು ಹೂಪ್‌ಗಳದ್ದು. ಚೆಂಡಿನ ಅಗಲ ಸುಮಾರು 92 ಮಿಲಿಮೀಟರ್. ಹೂಪ್‌ನ ಸಂದು ಅದಕ್ಕಿಂತ ಕೆಲವೇ ಮಿಲಿಮೀಟರ್ ಜಾಸ್ತಿ ಇರಬೇಕು, ಆಟದ ಮಜಾ ಇರೋದೇ ಅಲ್ಲಿ ಅಲ್ವಾ? ಆದರೆ ಮಳೆ ಬಂದ ಮೇಲೆ ನೆಲ ಮೆತ್ತಗಾಗಿ, ನಾಲ್ಕು ಸಲ ಚೆಂಡು ತಾಗಿದರೆ ಸಾಕು, ಹೂಪ್‌ನ ಕಾಲುಗಳು ಅಲ್ಲಾಡಿ ಸಂದು ಅಗಲವಾಗುತ್ತೆ. ಆಮೇಲೆ ಓರೆಯಾಗಿ ಹೊಡೆದ ಚೆಂಡೂ ಸಲೀಸಾಗಿ ನುಗ್ಗುತ್ತೆ. ಮಣ್ಣು ತುಂಬಿ ಬಡಿದು ನೋಡಿದೆವು, ಒಂದು ಆಟ ಮುಗಿಯೋದ್ರಲ್ಲಿ ಮತ್ತೆ ಅದೇ ಕಥೆ. ಗುಂಡಿಗೆ ಏನು ಹಾಕಿದರೆ ಗಟ್ಟಿ ನಿಲ್ಲುತ್ತೆ? ಜಾಗ ಬದಲಿಸುತ್ತಾ ಇರಬೇಕಾ? ಕಾಂಕ್ರೀಟ್ ಸಲಹೆ ಬೇಡ, ಹುಲ್ಲು ಕತ್ತರಿಸುವವರು ನಮ್ಮನ್ನು ಸುಮ್ನೆ ಬಿಡಲ್ಲ.

ಇನ್ನೊಂದು ವಿಷಯ. ಪೂರ್ತಿ ಅಂಕಣ 35 ಗಜ ಉದ್ದ, 28 ಗಜ ಅಗಲ. ನಮ್ಮಲ್ಲಿ ಅಷ್ಟು ಜಾಗ ಇಲ್ಲ. ಅದೇ 5ಕ್ಕೆ 4ರ ಅಳತೆಯಲ್ಲಿ ಚಿಕ್ಕದು ಮಾಡಿದ್ದೇವೆ. ಇಷ್ಟು ಚಿಕ್ಕ ಅಂಕಣದಲ್ಲಿ ಪಳಗಿದವರು ದೂರದಿಂದಲೇ ಎದುರಾಳಿಯ ಚೆಂಡನ್ನು ಚದುರಿಸಿಬಿಡುತ್ತಾರೆ, ಹೊಸಬರಿಗೆ ಬೇಜಾರು. ಅವರಿಗೆ ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಅಂಕ) ಪ್ರಕಾರ ಹೆಚ್ಚುವರಿ ಹೊಡೆತ ಕೊಡಬೇಕು ಅಂತಿದ್ದೇವೆ. ಚಿಕ್ಕ ಅಂಕಣದಲ್ಲಿ ಎಷ್ಟು ಕೊಟ್ಟರೆ ಸರಿಹೋಗುತ್ತೆ? ಆಡಿಸಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಹೂಪ್ ನೆಡುವ ಫೋಟೋ ಇದ್ದರೆ ಇನ್ನೂ ಒಳ್ಳೇದು.