ಕಾರಿನ ಗೀರಿಗೆ ಕ್ಲೇಮ್ ಹಾಕಬೇಕಾ, ಕೈಯಿಂದ ಕೊಡಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ:

ಎಲ್ಲರಿಗೂ ಶರಣು. ನಮ್ಮದು 1200 ಸಿಸಿ ಸಣ್ಣ ಕಾರು. ತೊಗೊಂಡು ಮೂರು ವರ್ಷ ತುಂಬಲು ಇನ್ನೆರಡು ತಿಂಗಳಿದೆ. ಹೋದ ವಾರ ಮನೆ ಗೇಟಿನೊಳಗೆ ತಿರುಗಿಸುವಾಗ ಶಹಾಬಾದ್ ಕಲ್ಲಿನ ಕಂಬಕ್ಕೆ ಉಜ್ಜಿತು. ಎಡಗಡೆ ಹಿಂದಿನ ಬಾಗಿಲಿಂದ ಬಂಪರ್ ತನಕ ಗೀರು ಬಿದ್ದಿದೆ, ಬಾಗಿಲು ಅಂಗೈ ಅಗಲ ನೆಗ್ಗಿದೆ. ಶೋರೂಮಿನಲ್ಲಿ 13,500 ಹೇಳಿದರು. "ಕ್ಲೇಮ್ ಹಾಕಿಬಿಡಿ ಸರ್, ನಿಮಗೇನೂ ಖರ್ಚಿಲ್ಲ" ಅಂದರು. ಹೊರಗಿನ ಗ್ಯಾರೇಜಿನವರು 7,000 ಕೇಳುತ್ತಿದ್ದಾರೆ. ಇದುವರೆಗೆ ಒಂದೂ ಕ್ಲೇಮ್ ಹಾಕಿಲ್ಲ. ಜೀರೋ ಡೆಪ್ (ಸವಕಳಿ ಕಡಿತ ಮಾಡದಿರುವ ಆಡ್ ಆನ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಇದೆ. ರಿನ್ಯೂವಲ್ ಜೊತೆಗೆ ಗೀರಿಗೆ ಅಂತಲೇ ಒಂದು ಬೇರೆ ಪ್ಯಾಕೇಜ್ ಕೊಡ್ತೀವಿ ಅಂತಲೂ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ, ಹುಮನಾಬಾದ್ ರಿಂಗ್ ರೋಡ್ ಕಡೆಯಿಂದ:

ಸರ್, ಅವಸರ ಮಾಡಬೇಡಿ. ನಾನು ಇದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿದ್ದ ನನ್ನ ಕಾರಿಗೆ ಯಾರೋ ತಾಗಿಸಿ ಹೋದರು. ಹಿಂದಿನ ಬಂಪರ್ ಬಣ್ಣ ಹೋಗಿತ್ತು, ಅಷ್ಟೇ. ಬಿಲ್ 5,800 ಆಯಿತು. ನನಗೂ ಹೀಗೇ ಹೇಳಿದರು, ಕ್ಲೇಮ್ ಹಾಕಿದೆ. ನನಗೆ ಜೀರೋ ಡೆಪ್ ಇರಲಿಲ್ಲ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನಿನ ಖರ್ಚು ಅಂತ ಹಿಡಿದು, ಅದರಲ್ಲಿ ಅರ್ಧ ಕಡಿತ ಮಾಡುತ್ತಾರೆ. ಆಮೇಲೆ 1,000 ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಪಾಲು. ಕಂಪನಿಯಿಂದ ಬಂದದ್ದು 4,075. ಮುಂದಿನ ರಿನ್ಯೂವಲ್ ದಿನ ಕಾಗದ ನೋಡಿ ಎದೆ ಧಸಕ್ಕೆಂದಿತು. ಐದು ವರ್ಷ ಕಾಯ್ದುಕೊಂಡು ಬಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದವರಿಗೆ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ, 50 ಪರ್ಸೆಂಟ್ ಸಿಗಬೇಕಿತ್ತು. ಅಲ್ಲಿ ಸೊನ್ನೆ ಇತ್ತು. ಓನ್ ಡ್ಯಾಮೇಜ್ ಪ್ರೀಮಿಯಂ (ನಮ್ಮದೇ ಕಾರಿನ ಹಾನಿಗೆ ಕಟ್ಟುವ ಭಾಗ) 9,000, ಅದರಲ್ಲಿ 4,500 ಹೋಯಿತು. ಸಿಕ್ಕಿದ್ದೆಲ್ಲ ಮೊದಲ ವರ್ಷವೇ ವಾಪಸ್ ಕೊಟ್ಟಂತಾಯಿತು.

ಈಗ ನಿಮ್ಮ ಲೆಕ್ಕ ನೋಡೋಣ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಬೋನಸ್ 20 ಪರ್ಸೆಂಟ್, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅದರ ಮೇಲೆ ಇಲ್ಲ. ನಿಮಗೆ ಈ ಸಲ 35 ಬರಬೇಕು. ಕ್ಲೇಮ್ ಹಾಕಿದರೆ ಸೊನ್ನೆ. ಎಲ್ಲರೂ ಈ ಒಂದು ವರ್ಷದ ಲೆಕ್ಕ ಮಾತ್ರ ಮಾಡುತ್ತಾರೆ. ಆದರೆ ಮತ್ತೆ ಮೊದಲಿಂದ ಹತ್ತಿಕೊಂಡು ಬರಬೇಕಲ್ವಾ? ಎರಡನೇ ವರ್ಷ 45 ಇರಬೇಕಾದ ಕಡೆ 20 ಸಿಗುತ್ತದೆ, ಅಲ್ಲಿ 25 ಹೋಯಿತು. ಮೂರನೇ ವರ್ಷ ಇನ್ನೊಂದು 25. ನಾಲ್ಕನೇ ವರ್ಷ 15, ಐದನೇ ವರ್ಷ 5. ಎಲ್ಲ ಕೂಡಿಸಿದರೆ 105. ಅಂದರೆ ಐದು ವರ್ಷದಲ್ಲಿ ಪೂರ್ತಿ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ ಕೈಬಿಟ್ಟು, ಮೇಲೆ ಇನ್ನಷ್ಟು ಹೋಗುತ್ತದೆ. ನಿಮ್ಮದು 8,000 ಅಂತ ಹಿಡಿಯಿರಿ, 8,400 ಆಯಿತು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕಾರು ಹಳೆಯದಾದಂತೆ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) ಇಳಿಯುತ್ತದೆ, ಪ್ರೀಮಿಯಂ ಕೂಡ ಕಡಿಮೆ ಆಗಬಹುದು, ಹಾಗಾಗಿ ಸ್ವಲ್ಪ ಇಳಿಸಿಕೊಳ್ಳಿ. ಆದರೂ 7,000ದಲ್ಲಿ ಆಗುವ ಕೆಲಸಕ್ಕೆ ಇದನ್ನು ಕಳೆದುಕೊಳ್ಳಬಾರದು. ಶೋರೂಮಿನ 13,500 ಜೊತೆ ಹೋಲಿಸಬೇಡಿ. ನಿಮ್ಮ ಕೈಯಿಂದ ನಿಜವಾಗಿ ಹೋಗುವುದು 7,000.

ಜೀರೋ ಡೆಪ್ ಇದ್ದರೆ ಬೋನಸ್ ಉಳಿಯುತ್ತದೆ ಅಂತ ನಮ್ಮ ಕಡೆ ಭಾಳ ಜನ ತಿಳಿದಿದ್ದಾರೆ. ಇಲ್ಲ. ಅದು ಸವಕಳಿ ಕಡಿತವನ್ನು ಮಾತ್ರ ತಪ್ಪಿಸುತ್ತದೆ. ಬಂಪರ್ ಟು ಬಂಪರ್ ಅಂತ ಕರೆದರೂ ಅಷ್ಟೇ. ಕಡ್ಡಾಯ ಕಡಿತ ಇದ್ದೇ ಇರುತ್ತದೆ, 1500 ಸಿಸಿ ತನಕ 1,000, ಅದಕ್ಕಿಂತ ದೊಡ್ಡ ಕಾರಿಗೆ 2,000. ಬೋನಸ್ ಉಳಿಸುವ ಆಡ್ ಆನ್ ಬೇರೆಯೇ ಇದೆ. ಅದನ್ನು ಪಾಲಿಸಿ ಮಾಡಿಸುವಾಗಲೇ ತೊಗೊಂಡಿರಬೇಕು. ನಿಮ್ಮ ಪಾಲಿಸಿ ಕಾಗದದಲ್ಲಿ ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ನನ್ನ ಲೆಕ್ಕವೇ ಬದಲಾಗುತ್ತದೆ, ಆಗ ಧೈರ್ಯವಾಗಿ ಕ್ಲೇಮ್ ಹಾಕಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಕ್ಲೇಮ್ ಹಾಕಿ, ರಿನ್ಯೂವಲ್‌ನಲ್ಲಿ ಬೇರೆ ಕಂಪನಿಗೆ ಹೋಗಿ, "ಕ್ಲೇಮ್ ಇಲ್ಲ" ಅಂತ ಬರೆಸಿ ಬೋನಸ್ ಹಚ್ಚಿಸಿಕೊಡುವವರು ಇದ್ದಾರೆ. ನನ್ನ ಭಾವನಿಗೆ ಹೀಗೇ ಮಾಡಿಕೊಟ್ಟಿದ್ದರು. ಮರು ವರ್ಷ ಸೇಡಂ ರೋಡಿನಲ್ಲಿ ಮುಂದಿನ ಭಾಗ ಪೂರ್ತಿ ಹೋದಾಗ ಕಂಪನಿಯವರು ಹಳೆ ದಾಖಲೆ ತೆಗೆದು ಕ್ಲೇಮ್ ತಿರಸ್ಕರಿಸಿದರು. ಕೆಲವು ಸಾವಿರ ಉಳಿಸಲು ಹೋಗಿ ಒಂದೂವರೆ ಲಕ್ಷ ಕೈಯಿಂದ ಕೊಟ್ಟರು. ಅಕ್ಕ ಮದುವೆಯ ಬಳೆ ಒತ್ತೆ ಇಡಬೇಕಾಯಿತು.

ಎರಡು ತಿಂಗಳಿಗೆ ನಿಮ್ಮ ಥರ್ಡ್ ಪಾರ್ಟಿಯೂ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ) ಮುಗಿಯುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಅದನ್ನು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಈ ಸಲ ಮೊತ್ತ ಜಾಸ್ತಿ ಕಾಣುತ್ತದೆ, ಗಾಬರಿ ಬೇಡ. ಬೋನಸ್ ಆ ಭಾಗಕ್ಕೆ ಅನ್ವಯಿಸುವುದಿಲ್ಲ.

ಪ್ಯಾಕೇಜ್ ಬಗ್ಗೆ: ಬ್ರಿಟನ್‌ನಲ್ಲಿ ಸಣ್ಣ ಗೀರು, ನೆಗ್ಗಿಗೆ ಅಂತಲೇ ಬೇರೆ ಪಾಲಿಸಿ ಮಾರುತ್ತಾರೆ. ಅದರಲ್ಲಿ ಕ್ಲೇಮ್ ಹಾಕಿದರೆ ಮುಖ್ಯ ಪಾಲಿಸಿಯ ಬೋನಸ್‌ಗೆ ಏನೂ ಆಗುವುದಿಲ್ಲ. ನಿಮಗೆ ಕೊಡುವುದು ಇನ್ಶೂರೆನ್ಸಾ, ಶೋರೂಮಿನದೇ ಸರ್ವಿಸ್ ಯೋಜನೆಯಾ ಅಂತ ಮೊದಲು ಕೇಳಿ. ವರ್ಷಕ್ಕೆ ಎಷ್ಟು ಪ್ಯಾನಲ್, ಎಷ್ಟು ಉದ್ದದ ಗೀರು, ಈಗಾಗಲೇ ಇರುವ ಗೀರು ಸೇರುತ್ತದಾ, ಇದನ್ನೆಲ್ಲ ಬರೆದು ಕೊಡಲಿ. ಬರೆದು ಕೊಡದಿದ್ದರೆ ಬಿಟ್ಟುಬಿಡಿ.

ಉತ್ತರ, ಬೀದರ್‌ನಿಂದ, ಪೇಂಟಿಂಗ್ ಕೆಲಸದವರು:

ಅಣ್ಣಾ, ಮೊದಲು ಗೀರಿನ ಮೇಲೆ ಅಡ್ಡ ಉಗುರು ಎಳೆದು ನೋಡ್ರಿ. ಉಗುರು ಸಿಗದೆ ಜಾರಿದರೆ ಮೇಲಿನ ಕ್ಲಿಯರ್ ಕೋಟ್ ಮಾತ್ರ ಹೋಗಿದೆ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದರೆ ಸಾಕು. ಉಗುರು ಸಿಕ್ಕರೆ ಬಣ್ಣ ಬೇಕು. ಬಾಗಿಲಲ್ಲಿ ಬಿಳಿ ತಗಡು ಹೊಳೆಯುತ್ತಿದ್ದರೆ ಮಳೆಗಾಲದ ತನಕ ಬಿಡಬೇಡಿ, ತುಕ್ಕು ಬಣ್ಣದ ಕೆಳಗೆ ಹರಿಯುತ್ತದೆ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕಿಲ್ಲ. ದುಡ್ಡು ಕಡಿಮೆ ಇದ್ದರೆ ಬಾಗಿಲು ಮೊದಲು, ಬಂಪರ್ ಆಮೇಲೆ ಮಾಡಿಸಿ.

ನೆಗ್ಗನ್ನು ಎಳೆದು ಸರಿ ಮಾಡಿ, ಪುಟ್ಟಿ ತೆಳುವಾಗಿ ಹಾಕಲು ಹೇಳಿ. ಎಳೆಯದೆ ಬರೀ ಪುಟ್ಟಿ ತುಂಬಿದರೆ ಮುಂದೆ ಬಿರುಕು ಬಿಡುತ್ತದೆ. ಪುಟ್ಟಿ ಹಾಕಿ ಉಜ್ಜಿದ ಮೇಲೆ, ಬಣ್ಣಕ್ಕೆ ಮುಂಚೆ ಒಮ್ಮೆ ಹೋಗಿ ಕೈಯಾಡಿಸಿ ನೋಡಿ. ಕಣ್ಣಿಗೆ ಕಾಣದ ಏರುಪೇರು ಬೆರಳಿಗೆ ಸಿಗುತ್ತದೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಬಣ್ಣ ಹೊಡೆಸಬೇಡಿ. ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆ ಥರ ಆಗುತ್ತದೆ. ಬೆಳಿಗ್ಗೆಯೇ ಆಗಲಿ.

ಉತ್ತರ, ಯಾದಗಿರಿಯಿಂದ:

ನನ್ನದು ಉಲ್ಟಾ ಅನುಭವ, ಅದನ್ನೂ ಹೇಳುತ್ತೇನೆ. ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ಟ್ರಾಲಿ ತಾಗಿ ಹೆಡ್‌ಲೈಟ್ ಒಡೆಯಿತು, ಬಂಪರ್ ಸೀಳಿತು, ಫೆಂಡರ್ ಒಳಗೆ ಹೋಯಿತು. ಬಿಲ್ 38,000. ಟ್ರ್ಯಾಕ್ಟರಿನವರ ಥರ್ಡ್ ಪಾರ್ಟಿಯಿಂದ ತೊಗೊಳ್ಳಬೇಕಂದರೆ ಪೊಲೀಸ್ ದೂರು, ಟ್ರಿಬ್ಯೂನಲ್ ಅಂತ ಓಡಾಡಬೇಕು. ನನ್ನ ಪಾಲಿಸಿಯಲ್ಲೇ ಕ್ಲೇಮ್ ಹಾಕಿದೆ. ಜೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧವೇ ಕೊಡುತ್ತಿದ್ದರು. ಬೋನಸ್ ಹೋಯಿತು, ಬೇಜಾರಿಲ್ಲ. ಇಂಥದ್ದಕ್ಕೇ ಅಲ್ವಾ ಪ್ರೀಮಿಯಂ ಕಟ್ಟುವುದು? ಒಂದೇ ಎಚ್ಚರ, ತಾಗಿದ ಜಾಗದಲ್ಲೇ ಫೋಟೋ ತೆಗೆದು ತಡಮಾಡದೆ ಕಂಪನಿಗೆ ಹೇಳಿ. ಹಳೇ ಗೀರನ್ನೂ ಅದರಲ್ಲೇ ಸೇರಿಸಲು ಹೋಗಬೇಡಿ. ಬೇರೆ ಬೇರೆ ಘಟನೆ ಅಂದರೆ ಬೇರೆ ಬೇರೆ ಕ್ಲೇಮ್, ಪ್ರತಿಯೊಂದಕ್ಕೂ ಕಡಿತ.

ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ಶರಣು ಶರಣು. ಬೋನಸ್ ಉಳಿಸುವ ಆಡ್ ಆನ್ ನನ್ನ ಪಾಲಿಸಿಯಲ್ಲಿ ಇರಲಿಲ್ಲ. ಕ್ಲೇಮ್ ಬಿಟ್ಟೆ. ಉಗುರು ಎಳೆದು ನೋಡಿದೆ, ಬಂಪರ್‌ನಲ್ಲಿ ಜಾರಿತು, ಬಾಗಿಲಲ್ಲಿ ಸಿಕ್ಕಿತು. ಬಾಗಿಲಿಗೆ ಮಾತ್ರ ಬಣ್ಣ, ಬಂಪರ್‌ಗೆ ಪಾಲಿಶ್. ಒಟ್ಟು 4,200ಕ್ಕೆ ಮುಗಿಯಿತು. ಬಣ್ಣಕ್ಕೆ ಮುಂಚೆ ಹೋಗಿ ಕೈಯಾಡಿಸಿದೆ, ಹಿಡಿಕೆಯ ಕೆಳಗೆ ಒಂದು ಕಡೆ ತಗ್ಗು ಸಿಕ್ಕಿತು, ಮತ್ತೆ ಉಜ್ಜಿಸಿದೆ. ಪ್ಯಾಕೇಜಿನವರು ಬರೆದು ಕೊಡಲಿಲ್ಲ, ಅದನ್ನೂ ಬಿಟ್ಟೆ. ಗೇಟಿನ ಕಂಬಕ್ಕೆ ಹಳೇ ಟೈರ್ ಕಟ್ಟಿದ್ದೇನೆ.