ಶೋಭಾ, ವ್ಯಾಪಾರದ ದುಡ್ಡು ಆದಾಯ ಅಲ್ಲ

ಶೋಭಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಟೈಲರಿಂಗ್‌ನಿಂದ ಫೋನ್‌ಪೇಗೆ ವರ್ಷಕ್ಕೆ ಆರು ಲಕ್ಷ ಬಂದಿದೆ, ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನು ರಾಜ್ಯ ಮುಕ್ತ ವಿವಿಯಲ್ಲಿ ಮುಗಿಸಬೇಕು, ಆರು ಲಕ್ಷವನ್ನೂ ಆದಾಯ ಅಂತ ಹಿಡಿದರೆ ಸ್ಕಾಲರ್‌ಶಿಪ್ ಸಿಗುತ್ತಾ, ಎರಡು ಮಕ್ಕಳ ಫೀಸೂ ಇದೆ ಅಂತ ಕೇಳಿದ್ದೀಯ. ಟೈಪ್ ಮಾಡಲು ನನಗೆ ಆಗಲ್ಲ, ಬಾಯಲ್ಲೇ ಹೇಳುತ್ತಿದ್ದೇನೆ, ಫೋನು ಬರೆದುಕೊಂಡಷ್ಟು ಓದಿಕೊಳ್ಳಿ.

ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹಾಕುವ ಅರ್ಜಿಯಲ್ಲಿ ವ್ಯಾಪಾರದ ದುಡ್ಡು ಬರೆಸಬೇಡ, ಖರ್ಚು ಕಳೆದು ಉಳಿದದ್ದು ಬರೆಸು. ನಮ್ಮ ಮಂಡಕ್ಕಿ-ಮಿರ್ಚಿ ಅಂಗಡಿ ನಿಮಗೆಲ್ಲ ಗೊತ್ತೇ ಇದೆ. ಸಣ್ಣವನು ಡಿಪ್ಲೊಮಾ ಸೇರಿದ ವರ್ಷ ನಿಮ್ಮ ದೊಡ್ಡಪ್ಪ ಆದಾಯ ಪ್ರಮಾಣಪತ್ರಕ್ಕೆ ಅಂತ ಸೈಬರ್ ಅಂಗಡಿಗೆ ಹೋದರು. ಅಲ್ಲಿದ್ದ ಹುಡುಗ ತಲೆ ಎತ್ತದೆ, 'ದಿನಕ್ಕೆ ಎಷ್ಟಾಗುತ್ತೆ ಯಜಮಾನ್ರೇ' ಅಂದ. ಇವರು ಗಲ್ಲಾಪೆಟ್ಟಿಗೆಗೆ ಬೀಳುವುದು ಹೇಳಿದರು, ಸಾವಿರದೈನೂರು. ಅವನು ಅದನ್ನೇ 365ಕ್ಕೆ ಗುಣಿಸಿ ಆದಾಯ ಅಂತ ಒತ್ತಿಬಿಟ್ಟ! ಕಡಲೆಹಿಟ್ಟು, ಎಣ್ಣೆ ಡಬ್ಬ, ಮೆಣಸಿನಕಾಯಿ, ಗ್ಯಾಸು ಯಾವುದೂ ಕಳೆಯಲಿಲ್ಲ. ಮಳೆ ಬಂದು ಬಾಗಿಲು ಹಾಕಿದ ದಿನವೂ ವ್ಯಾಪಾರ ಆಗಿತ್ತಂತೆ. ಐದೂವರೆ ಲಕ್ಷದ ಸರ್ಟಿಫಿಕೇಟು ಬಂತು. ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಸರ್ಟಿಫಿಕೇಟಿನ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ಆದಾಯ ತಾನೇ ಬಂದು ಕೂರುತ್ತೆ, ಅಲ್ಲಿ ತಿದ್ದಲು ಬರಲ್ಲ. ನಮ್ಮ ಎಸ್‌ಸಿ ಮಕ್ಕಳಿಗೆ ಕೇಂದ್ರದ ಸ್ಕಾಲರ್‌ಶಿಪ್‌ಗೆ ಮನೆಯ ವರ್ಷದ ಆದಾಯದ ಮಿತಿ 2.5 ಲಕ್ಷ. ಆ ವರ್ಷ ನನ್ನ ಬೆಂಡೋಲೆ ಅಡ ಇಟ್ಟು ಫೀಸು ಕಟ್ಟಿದೆವು.

ನೌಕರಿಯವರಿಗೇನು, ಕಚೇರಿಯವರು ಕೊಡುವ ಸಂಬಳದ ಪತ್ರ ತೋರಿಸಿದರೆ ಮುಗಿಯಿತು. ಅಂಗಡಿ ಇಟ್ಟವರು ಮಾತ್ರ ನಮ್ಮ ಬಡತನಕ್ಕೆ ನಾವೇ ಸಾಕ್ಷಿ ಹೇಳಬೇಕು. ಆಗ ಇದೆಲ್ಲ ಗೊತ್ತಿದ್ದವರು ನಮ್ಮಲ್ಲೇ ಇದ್ದರು, ಹೆಸರು ಬೇಡ, ಈ ಗ್ರೂಪಿನಲ್ಲೇ ಇದ್ದಾರೆ. ಮನೆಗೆ ನೆಂಟರು ಬಂದರೆ ನಮ್ಮ ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತಾರೆ, ದುಡ್ಡು ಆಮೇಲೆ ಅನ್ನುತ್ತಾರೆ. ಒಂದು ಅರ್ಜಿ ನೋಡಿಕೊಡಿ ಅಂದರೆ ಪುರುಸೊತ್ತಿಲ್ಲ. ಈಗ ನೀನು ಓದುತ್ತೀಯ ಅಂದರೆ 'ಈ ವಯಸ್ಸಿಗೆ ಯಾಕೆ' ಅನ್ನುವವರೂ ಅವರೇ. ಇರಲಿ ಬಿಡು.

ಮತ್ತೆ ಹೇಳುತ್ತೇನೆ, ವ್ಯಾಪಾರದ ದುಡ್ಡು ಬರೆಸಬೇಡ. ಹಾಗಂತ ಎಲ್ಲರ ಹಾಗೆ ವರ್ಷಕ್ಕೆ ಹನ್ನೊಂದು ಸಾವಿರ ಅಂತ ಸುಳ್ಳೂ ಬರೆಸಬೇಡ. ಸಾಲಕ್ಕೆ ಅಂತ ಐಟಿ ರಿಟರ್ನ್ಸ್ ಹಾಕಿದ್ದೀಯಲ್ಲ, ಎರಡೂ ತಾಳೆ ಆಗಬೇಕು.

ಅಯ್ಯೋ, ಕೆಲಸದ ಮಾತೇ ಉಳಿಯಿತು. ಒಂದು ನೋಟ್‌ಬುಕ್ಕಿನಲ್ಲಿ ಲೈನಿಂಗ್ ಬಟ್ಟೆ, ದಾರ, ಅಂಗಡಿ ಬಾಡಿಗೆ, ಕರೆಂಟು, ಕಾಜಾ-ಗುಂಡಿ ಹಾಕುವ ಹುಡುಗಿಯ ಕೂಲಿ ಎಲ್ಲ ಬರೆದು ಕಳೆ. ಉಳಿದದ್ದಕ್ಕೆ ನಿನ್ನ ಯಜಮಾನರ ದುಡಿಮೆ ಸೇರಿಸು, ಮದುವೆ ಆದಮೇಲೆ ನಿಮ್ಮಪ್ಪನ ಆದಾಯ ಅಲ್ಲ. ಅರ್ಜಿ ಒತ್ತುವ ಮುಂಚೆ ಸ್ಕ್ರೀನಿನಲ್ಲಿ ನೀನೇ ಓದು. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡು, ದುಡ್ಡು ಬರುವುದು ಅದಕ್ಕೇ. ಮುಕ್ತ ವಿವಿಯ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಫೀಸಿನಲ್ಲಿ ವಾಪಸು ಬರುವುದು ಎಷ್ಟು, ಕೈಯಿಂದ ಮೊದಲೇ ಕಟ್ಟಬೇಕಾದದ್ದು ಎಷ್ಟು ಅಂತ ಅಲ್ಲಿ ಕೇಳಿಕೊಂಡೇ ದುಡ್ಡು ಕಟ್ಟು.